ಬಿಸಿನೀರಲ್ಲಿ ದಾರಿ ತಪ್ಪಿದ ರಕ್ತ

ಮದುವೆಯಾಗಿ ಮೂವತ್ತು ವರ್ಷ ತುಂಬುವ ರಾತ್ರಿ ಹೆಂಡತಿಯ ಎದುರು ಹುಲಿಯಾಗಿಯೇ ತೀರುತ್ತೇನೆಂದು ಕಿಯೊಹಾರು ಪಣ ತೊಟ್ಟಿದ್ದ! ಅದಕ್ಕೆಂದೇ ಬೆಪ್ಪು ಎಂಬ ಊರಿನ ಬಿಸಿನೀರ ಬುಗ್ಗೆಯ ವಸತಿಗೃಹದಲ್ಲಿ ಕೋಣೆ ಹಿಡಿದಿದ್ದ. ಡಾಕ್ಟರನ್ನು ಕಾಡಿ ಬೇಡಿ ನೀಲಿ ಮಾತ್ರೆಯನ್ನೂ ಬರೆಸಿಕೊಂಡಿದ್ದ.

"ಇದು ರಕ್ತನಾಳ ಸಡಿಲ ಮಾಡಿ ಬೇಕಾದ ಕಡೆ ರಕ್ತ ಹರಿಸುತ್ತೆ," ಎಂದಿದ್ದರು ಡಾಕ್ಟರು. "ಬಿಸಿನೀರೂ ಅದನ್ನೇ ಮಾಡುತ್ತೆ, ಇಡೀ ಮೈಗೆ! ಎರಡೂ ಒಟ್ಟಿಗೆ ಬೇಡ. ಎದೆನೋವಿನ ಮಾತ್ರೆಯಂತೂ ಜೊತೆಗೆ ಬೇಡವೇ ಬೇಡ, ಪ್ರಾಣಕ್ಕೇ ಕುತ್ತು!"

ಕಿಯೊಹಾರು ಕೋಣೆ ಸೇರಿದವನೇ ಗುಟ್ಟಾಗಿ ಮಾತ್ರೆ ನುಂಗಿದ. ಹೆಂಡತಿ ಮಿತ್ಸುಯೊ ಟವೆಲ್ ಹಿಡಿದು ಹೆಂಗಸರ ಕೊಳದ ಕಡೆ ಹೊರಟಳು.

"ರೀ, ಏಳಿ, ಸ್ನಾನಕ್ಕೆ."

"ಇವತ್ತು ಬೇಡ ಕಣೇ."

"ಬೆಪ್ಪುವಿಗೆ ಬಂದು ಸ್ನಾನ ಬೇಡ್ವಾ? ಹಾಗೇ ಬಂದ್ರೆ ಹಾಸಿಗೆ ಹತ್ರಾನೂ ಸೇರಿಸಲ್ಲ, ನೋಡಿ!"

ಹುಲಿ ತೆಪ್ಪಗೆ ಗಂಡಸರ ಕೊಳಕ್ಕಿಳಿಯಿತು. ರಕ್ತ ಮುಖಕ್ಕೆ ನುಗ್ಗಿತು, ಕಿವಿಗೆ ನುಗ್ಗಿತು, ಅಂಗಾಲಿಗೂ ಹೋಯಿತು. ಮೂಗಿಗೆ ಹೋಗಿ ಮೂಗನ್ನೇ ಕಟ್ಟಿಸಿತು. ಕರೆದ ಕಡೆಗೆ ಮಾತ್ರ ಹೋಗಲಿಲ್ಲ! ಎದ್ದು ನಿಂತದ್ದಷ್ಟೇ, ಲೋಕ ಗಿರ್ರನೆ ತಿರುಗಿತು.

ಕಣ್ಣು ಬಿಟ್ಟಾಗ ಅವನು ನಡುಮನೆಯ ಚಾಪೆಯ ಮೇಲಿದ್ದ. ಮೈಮೇಲೊಂದು ನಿಲುವಂಗಿ, ಸುತ್ತ ಹೆಂಡತಿ, ವಸತಿಗೃಹದ ಒಡತಿ, ಅರ್ಧ ಊರಿನಷ್ಟು ಅತಿಥಿಗಳು. ಜೊತೆಗೆ ಸ್ನಾನಕ್ಕಿಳಿದಿದ್ದ ಮುದುಕ ಹೊರಿಗುಚಿ ಚೀಲ ತಡಕುತ್ತಿದ್ದ.

"ಇದು ಹೃದಯದ್ದೇ! ನನ್ನ ಎದೆನೋವಿನ ಮಾತ್ರೆ ಇದೆ, ನಾಲಗೆ ಕೆಳಗಿಟ್ರೆ ಸಾಕು. ಬಾಯಿ ತೆಗಿ ತಮ್ಮಾ!"

ಕಿಯೊಹಾರು ಹಲ್ಲು ಕಚ್ಚಿ ಹಿಡಿದ. ನಿಜ ಹೇಳಿದರೆ ಮಾನ ಹೋಗುತ್ತದೆ, ಮಾತ್ರೆ ಒಳಗೆ ಬಿದ್ದರೆ ಪ್ರಾಣ! ಆದರೆ ಕಟ್ಟಿದ ಮೂಗಿನಲ್ಲಿ ಎಷ್ಟು ಹೊತ್ತು ಉಸಿರಾಡಿಯಾನು? ಬಾಯಿ ತೆರೆಯಿತು, ಹೊರಿಗುಚಿಯ ಬೆರಳು ಬಂದೇಬಿಟ್ಟಿತು.

"ಬೇಡಾ! ನಾನು ಗಂಡಸರ ನೀಲಿ ಮಾತ್ರೆ ನುಂಗಿದೀನಿ! ಎರಡೂ ಸೇರಿದ್ರೆ ಸತ್ತೇಹೋಗ್ತೀನಿ!"

ಅಡುಗೆಮನೆಯವರೂ ಬಾಗಿಲಿಗೆ ಬಂದು ಇಣುಕಿದರು. ಒಡತಿ ನಿಲುವಂಗಿಯ ತೋಳಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಹೊರಿಗುಚಿ ಮಾತ್ರೆಯನ್ನು ನಿಧಾನವಾಗಿ ಚೀಲಕ್ಕೆ ಹಾಕಿದ.

"ಹಾಗಾದ್ರೆ... ನಾನು ನಿನ್ನ ಮಾತ್ರೆ ನುಂಗೋ ಹಾಗಿಲ್ಲ ಅನ್ನು," ಎಂದ, ತೀರಾ ಬೇಸರದಿಂದ.

ಒಡತಿ ಡಾಕ್ಟರಿಗೆ ಫೋನ್ ಮಾಡಿದಳು. ಅಪಾಯವಿಲ್ಲ, ಕಾಲು ಎತ್ತರಿಸಿ ಮಲಗಿಸಿ, ತಲೆಗೆ ರಕ್ತ ಬರಲಿ ಎಂದರಂತೆ. ಮಿತ್ಸುಯೊ ಗಂಡನ ಕಾಲ ಕೆಳಗೆ ದಿಂಬು ಪೇರಿಸತೊಡಗಿದಳು.

"ಸಾಕು ಕಣೇ," ಎಂದು ನರಳಿದ ಹುಲಿ.

"ಇನ್ನೊಂದಿರ್ಲಿ ಬಿಡಿ," ಎಂದಳು ಅವಳು ನಗು ತಡೆಯುತ್ತ. "ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ ನಿಮ್ಮ ರಕ್ತ ತಲೆ ಕಡೆ ಹೊರಟಿದೆ!"