ಮಾವನ ಸುತ್ತ ಆರು ಸ್ಪೀಕರು

ಶಬ್ದದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಕೆಂದರೆ ಆ ಪಾಠ ಹೇಳುವವನೇ ನಾನು! ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನದ ಮೇಷ್ಟ್ರು. ಶಬ್ದ ಹೇಗೆ ಹುಟ್ಟುತ್ತದೆ, ಹೇಗೆ ಚಲಿಸುತ್ತದೆ, ಗೋಡೆಗೆ ಬಡಿದು ಹೇಗೆ ವಾಪಸ್ಸು ಬರುತ್ತದೆ ಎಂಬುದನ್ನೆಲ್ಲ ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದವನು. ಹಾಗಾಗಿ ಗೋಪಾಳ ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ಆರು ಸ್ಪೀಕರುಗಳಿಂದ ಶಬ್ದ ಹೊರಡಿಸುವುದು ನನಗೊಂದು ಕೆಲಸವೇ ಅಲ್ಲ ಎಂದು ಹೆಂಡತಿ ವಿನುತಾಳಿಗೆ ಹೇಳಿದೆ.

ಹೇಳಿದ್ದೇ ಮೊದಲ ತಪ್ಪು.

ವಿಷಯ ಇಷ್ಟು. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ಭಾನುವಾರ ವಿನುತಾಳ ಅಪ್ಪ, ಅಮ್ಮ, ತಮ್ಮ ಗಿರೀಶ ಭದ್ರಾವತಿಯಿಂದ ಊಟಕ್ಕೆ ಬರುವವರಿದ್ದರು. ಮದುವೆಯ ಹಳೇ ವಿಡಿಯೊ ಕ್ಯಾಸೆಟ್ಟನ್ನು ಸ್ಟುಡಿಯೊದವರಿಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿಟ್ಟಿದ್ದೆವು. ಅದನ್ನು ಎಲ್ಲರೂ ಕೂತು ನೋಡುವುದೆಂದಾಯಿತು.

"ನೋಡೋದೇನೋ ಸರಿ ರೀ, ಅಪ್ಪಂಗೆ ಕೇಳ್ಸಬೇಕಲ್ಲ?" ಎಂದಳು ವಿನುತಾ.

ಮಾವ ಮೂವತ್ತು ವರ್ಷ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಬಡಿಯುವ ಯಂತ್ರಗಳ ನಡುವೆ ನಿಂತವರು. ಯಂತ್ರಗಳು ಅವರ ಕಿವಿಯನ್ನು ಅಲ್ಲಿಯೇ ಇಟ್ಟುಕೊಂಡು ಅವರನ್ನು ಮಾತ್ರ ಮನೆಗೆ ಕಳಿಸಿದ್ದವು. ಕಿವಿಗೆ ಹಾಕುವ ಮೆಷೀನು ಕೊಡಿಸಿದರೆ, "ಇದ್ರಲ್ಲಿ ಎಲ್ಲಾರೂ ಹಪ್ಪಳ ಕರ್ದಂಗೆ ಮಾತಾಡ್ತಾರೆ" ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಯಾರು ಏನೇ ಹೇಳಿದರೂ ನಕ್ಕು ತಲೆಯಾಡಿಸುವುದು ಅವರು ಕಂಡುಕೊಂಡಿದ್ದ ಉಪಾಯ. ಒಮ್ಮೆ ಯಾರೋ ತಮ್ಮ ಮನೆಯ ಸಾವಿನ ಸುದ್ದಿ ಹೇಳಿದಾಗಲೂ ಹಾಗೇ ನಕ್ಕು, "ಒಳ್ಳೇದಾಯ್ತು ಬಿಡಿ" ಎಂದುಬಿಟ್ಟಿದ್ದರು. ಅದಾದ ಮೇಲೆ ನಾಲ್ಕು ಜನ ಸೇರಿದ ಕಡೆ ಮೂಲೆ ಹುಡುಕಿ ಕೂರುತ್ತಿದ್ದರು.

"ಅಜ್ಜಿ ನಮ್ಮ ಧಾರೆ ಹೊತ್ನಲ್ಲಿ ಸೋಬಾನೆ ಹೇಳಿದ್ರಲ್ಲ. ಅಪ್ಪಂಗೆ ಅವರಮ್ಮನ ದನಿ ಇನ್ನೊಂದ್ಸಲ ಕೇಳ್ಸಿದ್ರೆ ಸಾಕು" ಎಂದಳು ವಿನುತಾ.

ಅಜ್ಜಿ ಹೋಗಿ ಹನ್ನೆರಡು ವರ್ಷ. ವಿನುತಾಳ ಮಾತಿಗೆ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಒಂದು ಕಡೆಯಿಂದ ಶಬ್ದ ಬಂದರೆ ತಾನೇ ಕೇಳಿಸದಿರುವುದು? ಆರು ಕಡೆಯಿಂದ ಬಂದರೆ? ಮಾವ ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ?

ಅಟ್ಟದ ಮೇಲೆ ಹಳೆಯದೊಂದು ಸರೌಂಡ್ ಸ್ಪೀಕರ್ ಸೆಟ್ಟಿತ್ತು. ಐದು ಪುಟ್ಟ ಸ್ಪೀಕರು, ಒಂದು ದೊಡ್ಡದು. ದೊಡ್ಡದನ್ನು ಕೆಳಗಿಳಿಸುವ ಪ್ರಮೇಯವೇ ಬರಲಿಲ್ಲ. ವಿನುತಾ ಅದನ್ನು ಹಾಲಿಗೆ ತಂದು ಮೇಲೆ ಮನಿಪ್ಲಾಂಟ್ ಇಟ್ಟು ಯಾವ ಕಾಲವಾಗಿತ್ತೋ. ತೊಡಕಿದ್ದದ್ದು ಒಂದೇ. ಸ್ಪೀಕರಿನಿಂದ ಬರುವ ಪಿನ್ನುಗಳು ಮೂರು, ನಮ್ಮ ಕಂಪ್ಯೂಟರಿಗಿರುವ ತೂತು ಒಂದು. ಅದಕ್ಕೆ ಯುಎಸ್‌ಬಿಗೆ ಚುಚ್ಚುವ ಸೌಂಡ್ ಅಡಾಪ್ಟರ್ ಎಂಬ ಡಬ್ಬಿ ಸಿಗುತ್ತದೆಂದು ಮೊಬೈಲಿನಲ್ಲಿ ಓದಿದೆ. ಮರುಕ್ಷಣವೇ ಕುಟುಂಬದ ವಾಟ್ಸಾಪ್ ಗುಂಪಿಗೆ ಪ್ರಕಟಣೆ ಹೊರಡಿಸಿದೆ: "ಭಾನುವಾರ ನಮ್ಮ ಮನೆಯಲ್ಲಿ ಥಿಯೇಟರ್ ಅನುಭವ. ಎಲ್ಲರಿಗೂ ಆದರದ ಸ್ವಾಗತ."

ಪೇಟೆಗೆ ಹೋಗಿ ಅಡಾಪ್ಟರ್ ತಂದೆ. ಬೆರಳುದ್ದದ್ದು. ಮೇಲೆ ದಪ್ಪಕ್ಷರದಲ್ಲಿ 7.1 ಎಂದಿತ್ತು. ನನಗೆ ಬೇಕಾದದ್ದು ಐದು ಪುಟ್ಟದು, ಒಂದು ದೊಡ್ಡದು, ಅಂದರೆ ಬರೀ 5.1! ಎರಡು ಹೆಚ್ಚೇ ಸಿಕ್ಕಿತೆಂದು ಹಿಗ್ಗಿ ಮನೆಗೆ ಬಂದು ನೋಡಿದರೆ ಇದ್ದದ್ದು ಎರಡೇ ತೂತು. ಒಂದರ ಪಕ್ಕ ಮೈಕಿನ ಚಿತ್ರ, ಇನ್ನೊಂದರ ಪಕ್ಕ ಹೆಡ್‌ಫೋನಿನದು. ಮಿಕ್ಕ ಶಬ್ದಗಳೆಲ್ಲ ಎಲ್ಲಿಂದ ಬರಬೇಕು? ಭೂತಗನ್ನಡಿ ಹಿಡಿದು ಹುಡುಕಿದೆ. ಡಬ್ಬಿಯ ಹಿಂದೆ ಇರುವೆಯ ಗಾತ್ರದಲ್ಲಿ, ಏಳು ಕಡೆಯಿಂದ ಶಬ್ದ ಬಂದಂತೆ "ಭಾಸವಾಗುತ್ತದೆ" ಎಂಬರ್ಥದ ಇಂಗ್ಲಿಷಿತ್ತು. ನನಗೂ ಭಾಸವಾಯಿತು. ಮೋಸ ಹೋದಂತೆ.

ಶನಿವಾರ ಮಧ್ಯಾಹ್ನ ಸ್ಕೂಲು ಮುಗಿಸಿ ಭದ್ರಾವತಿಗೆ ಬಸ್ಸು ಹತ್ತಿದೆ. ಅಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಗಿರೀಶ ತನಗೆ ಗುರುತಿನವರ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕರೆದೊಯ್ದ. ತಮಿಳು ಮನೆಮಾತಿನ ಆ ಹಿರಿಯರು ನನ್ನ 7.1ನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ ನಿಟ್ಟುಸಿರು ಬಿಟ್ಟರು.

"ಸಾರ್, ಮೇಲೆ ಏನ್ ಬೇಕಾದ್ರೂ ಬರೀತಾರೆ. ನೀವು ತೂತು ಎಣ್ಸಿ ತಗೋಬೇಕು."

ಇಷ್ಟು ಸರಳವಾದ ಸೂತ್ರ ನನ್ನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ! ಈ ಬಾರಿ ಎಣಿಸಿದೆ. ಸೋಪಿನ ಗಾತ್ರದ ಕಪ್ಪು ಡಬ್ಬಿ, ಸಾಲಾಗಿ ಬೇಕಾದಷ್ಟು ತೂತು.

"ಭಾವ, ನಾಳೆ ಸ್ವಲ್ಪ ಬೇಗ ಬಂದು ನಾನು ಜೋಡಿಸ್ಕೊಡ್ಲಾ?" ಎಂದ ಗಿರೀಶ.

"ನೀನು ಮಾತ್ರೆ ಮಾರೋನು, ಶಬ್ದದ ವಿಷ್ಯ ನಂಗೆ ಬಿಡು ಮಾರಾಯ" ಎಂದೆ. ಇದು ಎರಡನೆಯ ತಪ್ಪು, ಅಥವಾ ಮೂರನೆಯದು. ಎಣಿಕೆ ಬಿಟ್ಟುಬಿಡೋಣ.

ಭಾನುವಾರ ಬೆಳಿಗ್ಗೆ ಆರಕ್ಕೇ ಕಾರ್ಯಾರಂಭ. ಹಿಂದಿನ ಎರಡು ಸ್ಪೀಕರುಗಳ ವೈರು ಸೋಫಾದ ಹಿಂದಕ್ಕೆ ಎಟುಕದೆ, ಒಂದನ್ನು ಫ್ರಿಜ್ಜಿನ ಮೇಲೂ ಇನ್ನೊಂದನ್ನು ಬಚ್ಚಲಿನ ಬಾಗಿಲ ಪಕ್ಕದ ಸ್ಟೂಲಿನ ಮೇಲೂ ಪ್ರತಿಷ್ಠಾಪಿಸಿದೆ. ಪರದೆಗೆ ಟಿವಿ, ಕಂಪ್ಯೂಟರಿನಿಂದ ಅದಕ್ಕೊಂದು ಕೇಬಲ್. ಕಪ್ಪು ಡಬ್ಬಿ ಚುಚ್ಚಿದ ಕೂಡಲೇ ಕಂಪ್ಯೂಟರು ಪ್ರಶ್ನೆಗಳ ಸುರಿಮಳೆ ಮಾಡಿತು. ಎಷ್ಟು ಸ್ಪೀಕರು? ಯಾವ ಪಿನ್ನು? ಮೈಕಿನಲ್ಲಿ ಬಂದದ್ದನ್ನು ಸ್ಪೀಕರಿನಲ್ಲೂ ಕೇಳಿಸಲೇ? ಪರೀಕ್ಷೆಯಲ್ಲಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ ಎಂದು ಮಕ್ಕಳಿಗೆ ಹೇಳುವವನು ನಾನು. ಎಲ್ಲದಕ್ಕೂ ಟಿಕ್ ಹಾಕಿದೆ!

ಮೈಕು ಏಕಿತ್ತೆಂದರೆ, ವೈಜ್ಞಾನಿಕ ಕಾರಣಕ್ಕೆ. ಹಾಲಿನ ಯಾವ ಮೂಲೆಯಲ್ಲಿ ಎಷ್ಟು ಶಬ್ದ ಎಂದು ಅಳೆಯಲು ಆನ್‌ಲೈನ್ ಪಾಠದ ಕಾಲದ ಹೆಡ್‌ಫೋನಿನ ಮೈಕನ್ನು ಅದೇ ಡಬ್ಬಿಗೆ ಚುಚ್ಚಿ, ಅಡುಗೆಮನೆಗೂ ಹಾಲಿಗೂ ನಡುವೆ ತಟ್ಟೆ ದಾಟಿಸಲು ಇರುವ ಪುಟ್ಟ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದೆ. ಏನೂ ಅಳೆಯಲಾಗಲಿಲ್ಲ. ಆದರೆ ತೆಗೆಯಲು ಮರೆತೆ.

ಹನ್ನೊಂದಕ್ಕೆ ಎಲ್ಲರೂ ಬಂದರು. ಅತ್ತೆ ಒಂದು ಡಬ್ಬಿ ಕೋಡುಬಳೆ ತಂದಿದ್ದರು. ಮಾವ ಎಂದಿನಂತೆ ಮೂಲೆಗೆ ಹೊರಟವರನ್ನು ಹಿಡಿದು ತಂದು ಸೋಫಾದ ನಟ್ಟನಡುವೆ ಕೂರಿಸಿದೆ. ವಿಡಿಯೊ ಶುರುವಾಯಿತು. ಇಪ್ಪತ್ತೈದು ವರ್ಷದ ಹಿಂದಿನ ನಾನು, ತಲೆತುಂಬ ಕೂದಲಿಟ್ಟುಕೊಂಡು ಪರದೆಯ ಮೇಲೆ ಬಂದೆ.

"ಹೇಗಿದೆ ಮಾವ, ಸುತ್ತಾ ಬರ್ತಿದೆಯಲ್ಲ ಸೌಂಡು?" ಎಂದು ಕೂಗಿದೆ.

ಮಾವ ನಕ್ಕು ತಲೆಯಾಡಿಸಿದರು.

ಗಿರೀಶ ಎದ್ದು ಒಂದೊಂದೇ ಸ್ಪೀಕರಿಗೆ ಕಿವಿಯಿಟ್ಟು ಬಂದ. "ಭಾವ, ಇದು ಸುಮ್ನಿದೆ. ಇದೂ ಸುಮ್ನಿದೆ. ಬಚ್ಚಲುಮನೇದೂ ಸುಮ್ನಿದೆ."

ದೊಡ್ಡ ಸ್ಪೀಕರಿನ ವಾಲ್ಯೂಮನ್ನು ಕೊನೇವರೆಗೂ ತಿರುಗಿಸಿದೆ. ಮನಿಪ್ಲಾಂಟಿನ ಒಂದೆಲೆಯೂ ಅಲ್ಲಾಡಲಿಲ್ಲ. ಪರದೆಯಲ್ಲಿ ವರಪೂಜೆ ಮುಗಿಯುತ್ತಾ ಬಂದಿತ್ತು. ಇನ್ನೇನು ಧಾರೆ, ಅಜ್ಜಿಯ ಹಾಡು! ಬೆವರು ಒರೆಸಿಕೊಳ್ಳುತ್ತಾ, ನೀರು ಕುಡಿದು ಬರುವೆನೆಂದು ಅಡುಗೆಮನೆಗೆ ನುಗ್ಗಿದೆ. ವಿನುತಾ ಎಕ್ಸಾಸ್ಟ್ ಫ್ಯಾನು ಹಾಕಿಕೊಂಡು ಬಜ್ಜಿ ಕರಿಯುತ್ತಿದ್ದಳು. ನಮ್ಮ ಮಾತು ಹೊರಗೆ ಕೇಳಬಾರದೆಂದು ಕಿಟಕಿಯ ಕಟ್ಟೆಯ ಮೇಲಿದ್ದ ಮೈಕನ್ನು ಒಳಗೆ ಎಳೆದುಕೊಂಡು, ಕಿಟಕಿಯನ್ನೂ ಬಾಗಿಲನ್ನೂ ಭದ್ರವಾಗಿ ಮುಚ್ಚಿದೆ. ಮೈಕಿನ ವೈರಿನಲ್ಲಿದ್ದ ಗುಂಡಿಯೊಂದು ಬೆರಳಿಗೆ ತಗುಲಿ ಟಿಕ್ ಎಂದಿತು. ಅದಕ್ಕೆ ಯಾರು ಗಮನ ಕೊಡುತ್ತಾರೆ?

"ಏನಾಯ್ತು?" ಎಂದಳು.

"ಏನೂ ಆಗ್ತಿಲ್ಲ, ಅದೇ ಆಗಿರೋದು! ನಂಗೆ ಇದರ ತಲೆಬುಡ ಗೊತ್ತಿಲ್ಲ ಮಾರಾಯ್ತಿ. ಸ್ಪೀಕರುಗಳೆಲ್ಲ ಸತ್ತು ಮಲಗಿವೆ. ನಿಮ್ಮಪ್ಪ ನೋಡಿದ್ರೆ ಎಲ್ಲದಕ್ಕೂ ತಲೆ ಆಡಿಸ್ತಾರೆ, ಅವರಿಗೆ ಕೇಳ್ತಿದ್ಯೋ ಇಲ್ವೋ ಆ ದೇವರಿಗೇ ಗೊತ್ತು. ನಿನ್ನ ತಮ್ಮ ಹಲ್ಲು ಕಿರೀತಾ ಕೂತಿದಾನೆ. ಇದರ ಮಧ್ಯ ನಿಮ್ಮಮ್ಮನ ಕೋಡುಬಳೆ! ಮನೇಲಿ ಕರಿದಿದ್ದೋ, ಕಾರ್ಖಾನೇಲಿ ಎರಕ ಹೊಯ್ಸಿದ್ದೋ! ದವಡೆ ಹಲ್ಲೇ ಅಲ್ಲಾಡ್ತಿದೆ."

"ಮೆತ್ತಗೆ ಮಾತಾಡ್ರೀ! ಅಮ್ಮಂಗೆ ಕೇಳ್ಸೀತು."

"ಹೇಗೆ ಕೇಳ್ಸುತ್ತೆ? ಕಿಟಕಿ ಹಾಕಿದೀನಲ್ಲ" ಎಂದೆ. ಆಗ ಹಾಲಿನ ಕಡೆಯಿಂದ ಗಡಸು ಗಂಡಸಿನ ದನಿಯೊಂದು ಗುಡುಗಿದ ಹಾಗಾಯಿತು. ಫ್ಯಾನಿನ ಸದ್ದಿನ ನಡುವೆಯೂ ಕೇಳಿಸಿತು. ನನ್ನ ಸಂತೋಷಕ್ಕೆ ಪಾರವೇ ಇಲ್ಲ. "ವಿನೂ! ಬಂತು, ಸರೌಂಡು ಬಂತು! ಕೇಳು, ಯಾರೋ ಗಂಡಸು ಮಾತಾಡ್ತಿದಾನೆ!"

ವಿನುತಾ ಫ್ಯಾನು ಆರಿಸಿ ಕಿವಿಗೊಟ್ಟಳು. ನನ್ನ ಕೈಯಲ್ಲಿದ್ದ ಮೈಕನ್ನು ನೋಡಿದಳು. ಅವಳ ಮುಖ ಬಿಳಚಿತು.

"ಅದು ನೀವೇ ಕಣ್ರೀ!"

"ಅದು ನೀವೇ ಕಣ್ರೀ" ಎಂದವು ಆರು ಸ್ಪೀಕರು.

ಮೈಕನ್ನು ಸಾರಿನ ಪಾತ್ರೆಯೊಳಕ್ಕೆ ಹಾಕಿ ಹಿಂಬಾಗಿಲಿಂದ ಓಡಿಹೋಗಲೇ ಎಂದು ಒಂದು ಕ್ಷಣ ಯೋಚಿಸಿದೆ. ಆದರೆ ಗುಂಡಿ ಒತ್ತಿ ಮೈಕನ್ನು ಅಲ್ಲೇ ಇಟ್ಟು, ಕಾಲೆಳೆಯುತ್ತಾ ಹಾಲಿಗೆ ಬಂದೆ. ಅತ್ತೆ ಕೋಡುಬಳೆಯ ಡಬ್ಬಿಯನ್ನು ಮಡಿಲಿನಲ್ಲಿ ಅಪ್ಪಿ ಹಿಡಿದು ನನ್ನನ್ನೇ ನೋಡುತ್ತಿದ್ದರು. ಗಿರೀಶ ಸೋಫಾದ ದಿಂಬಿಗೆ ಮುಖ ಒತ್ತಿಕೊಂಡಿದ್ದ. ಬೆನ್ನು ಮಾತ್ರ ಕುಲುಕುತ್ತಿತ್ತು. ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಕೈ ಎತ್ತಿದರು.

"ಅಳಿಯಂದ್ರೇ, ಕೋಡುಬಳೆ ಗಟ್ಟಿ ಇರೋದು ನಿಜ. ನಲ್ವತ್ತೆಂಟು ವರ್ಷದಿಂದ ನಾನೂ ಹೇಳಿಲ್ಲ."

ಬೈಗುಳಕ್ಕೆ ಕಾಯುತ್ತಿದ್ದ ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಮೊದಲು ಅರ್ಥವಾದದ್ದು ಬಾಗಿಲಲ್ಲಿ ಜಾಲರಿ ಸೌಟು ಹಿಡಿದು ನಿಂತಿದ್ದ ವಿನುತಾಳಿಗೆ.

"ಅಪ್ಪಾ, ನಿಂಗೆ ಕೇಳ್ಸ್ತಾ?"

ಮಾವ ನಕ್ಕು ತಲೆಯಾಡಿಸಿದರು. ಇದು ಹಳೆಯ ತಲೆಯಾಟ, ಅವಳ ಪ್ರಶ್ನೆ ಕೇಳಿಸಿರಲಿಲ್ಲ. ವಿನುತಾ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡು, ಮೈಕಿನ ಗುಂಡಿ ಒತ್ತಿದಳು. ಆರು ಕಡೆಯಿಂದ ಅವಳ ದನಿ ಬಂತು: "ಅಪ್ಪಾ, ಊಟಕ್ಕೆ ಏನ್ ಮಾಡ್ಲಿ?"

"ಒಬ್ಬಟ್ಟು ಮಾಡಿದೀಯಲ್ಲ, ವಾಸ್ನೆ ಬರ್ತಿದೆ. ಅದನ್ನೇ ಹಾಕು" ಎಂದರು ಮಾವ, ಪಕ್ಕದಲ್ಲಿ ನಿಂತವಳಿಗೆ ಹೇಳುವಷ್ಟು ಮೆಲ್ಲಗೆ.

ಆಮೇಲೆ ನಮ್ಮ ಮದುವೆಯನ್ನು ಯಾರೂ ನೋಡಲಿಲ್ಲ. ಎಲ್ಲರೂ ಸರದಿಯಲ್ಲಿ ಅಡುಗೆಮನೆಗೆ ಹೋಗಿ ಮಾವನ ಜೊತೆ ಮಾತಾಡಿ ಬಂದರು. ಅಂಗಡಿ ಹೇಗೆ ನಡೀತಿದೆ ಎಂದು ಮಾವ ಗಿರೀಶನನ್ನು ಕೇಳಿದರು, ಉತ್ತರ ಪೂರ್ತಿ ಕೇಳಿಸಿಕೊಂಡರು, ಮತ್ತೊಂದು ಪ್ರಶ್ನೆ ಹಾಕಿದರು. ಅತ್ತೆ ಒಳಗೆ ಹೋಗಿ ಮೈಕು ಹಿಡಿದು, "ಗಟ್ಟಿ ಅಂತ ಮೊದಲೇ ಹೇಳಿದ್ರೆ ಬೆಣ್ಣೆ ಜಾಸ್ತಿ ಹಾಕ್ತಿದ್ದೆ" ಎಂದರು. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸ್ಪೀಕರುಗಳ ಮೌನದ ಗುಟ್ಟು ಹಿಡಿದವನು ಗಿರೀಶ. ಕಂಪ್ಯೂಟರಿನ ಮುಂದೆ ಕೂತು ಎರಡೇ ನಿಮಿಷದಲ್ಲಿ ಹೇಳಿದ: "ಭಾವ, ವಿಡಿಯೊ ಸೌಂಡು ಕೇಬಲ್ಲಲ್ಲಿ ಟಿವಿಗೇ ಹೋಗ್ತಿದೆ. ನಿಮ್ಮ ಡಬ್ಬಿ ಕಡೆ ತಲೇನೇ ಹಾಕಿಲ್ಲ." ಅಂದರೆ ಅಷ್ಟೆಲ್ಲ ಸಾಹಸದ ನಂತರ ಡಬ್ಬಿಯ ಮೂಲಕ ಹೊರಬಂದದ್ದು ಒಂದೇ, ನನ್ನ ಚಾಡಿ!

ಅವನು ಸರಿಮಾಡಿ ಧಾರೆಯ ಭಾಗ ಹಾಕಿದ. ಈಗ ಓಲಗ, ಡೋಲು ಕಿವಿಗಡಚಿಕ್ಕಿದವು. ಅಜ್ಜಿ ಕಂಡರು, ತುಟಿ ಅಲ್ಲಾಡುತ್ತಿತ್ತು. ಹಾಡು ಮಾತ್ರ ಡೋಲಿನಡಿ ಹೂತುಹೋಗಿತ್ತು. ವಿನುತಾಳ ಮುಖ ಬಾಡಿತು. ಮಾವ ಪರದೆಯನ್ನೇ ನೋಡುತ್ತಾ ಕೂತಿದ್ದು, ಶಬ್ದ ನಿಲ್ಲಿಸುವಂತೆ ಸನ್ನೆ ಮಾಡಿ, ಮೈಕಿಗಾಗಿ ಕೈ ಚಾಚಿದರು. ಹಾಲಿನಲ್ಲೇ ಹಿಡಿದರೆ ಅದು ಕುಂಯ್ ಎಂದು ಅರಚಿತು. ಪಕ್ಕಕ್ಕಿಟ್ಟು, ಬರೀ ಬಾಯಲ್ಲೇ ತಾಯಿಯ ಸೋಬಾನೆ ಹಾಡಿದರು. ಸಾಲು ಮರೆತಾಗ ತಾಳ ಹಾಕಿಕೊಂಡು ಕಾದು, ನೆನಪಾದ ಕಡೆಯಿಂದ ಮುಂದುವರಿಸಿದರು. ವಿನುತಾ ಹೊಸದಾಗಿ ಬಾಣಲೆಗೆ ಬಿಟ್ಟು ಬಂದಿದ್ದ ಬಜ್ಜಿ ಕರಕಲಾಯಿತು. ಯಾರೂ ಏಳಲಿಲ್ಲ.

ಮರುವಾರ ಭದ್ರಾವತಿಯ ಅವರ ಮನೆಗೂ ಅಂಥದ್ದೇ ವ್ಯವಸ್ಥೆ ಮಾಡಿಕೊಟ್ಟೆವು. ಜೋಡಿಸಿದ್ದು ಗಿರೀಶ, ನಾನು ಟಾರ್ಚ್ ಹಿಡಿದೆ. ಅಡುಗೆಮನೆಯಲ್ಲಿ ಮೈಕು, ಮಾವನ ಕುರ್ಚಿಯ ಪಕ್ಕ ಸ್ಪೀಕರು. ಮಾವ ಜಗುಲಿಯಲ್ಲಿ ನಿಂತು ಬೀದಿಯವರಿಗೆಲ್ಲ, "ನಮ್ಮ ಅಳಿಯಂದ್ರೇ ಹಾಕ್ಕೊಟ್ಟಿದ್ದು" ಎಂದು ಹೆಮ್ಮೆಯಿಂದ ಸಾರಿದರು. ನಾನೂ ಎದೆಯುಬ್ಬಿಸಿ ಗೇಟಿನ ಬಳಿ ನಿಂತೆ. ವಿಜ್ಞಾನವನ್ನು ಜನರ ಬದುಕಿಗೆ ಹತ್ತಿರ ತಂದ ಮೇಷ್ಟ್ರೆಂದು ಯಾರಾದರೂ ಗುರುತಿಸಲಿ ಎಂಬ ಸಣ್ಣ ಆಸೆ.

ಎದುರುಮನೆಯವರು ಚಪ್ಪಲಿ ಮೆಟ್ಟಿಕೊಂಡು ಬಂದೇ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಬರೋ ತಿಂಗಳು ನಮ್ಮ ಗೃಹಪ್ರವೇಶ ಇದೆ. ನೀವು ಮೈಕ್ ಸೆಟ್ ಮಾತ್ರಾನಾ, ಇಲ್ಲಾ ಶಾಮಿಯಾನ, ಕುರ್ಚೀನೂ ಕೊಡ್ತೀರಾ?"

ಕುರ್ಚಿ ಎಷ್ಟು ಬೇಕಾಗಬಹುದು ಎಂದು ಕೇಳಿಬಿಟ್ಟೆ!