ಮೂರು ಗಂಟೆಗೆ ಸಾಯದ ಫೋನು

ಹದಿಮೂರು ಜನ, ತಲೆಗೆ ಸಾವಿರದಂತೆ ಹದಿಮೂರು ಸಾವಿರ. ಶಾಲು, ಮೈಸೂರು ಪೇಟ, ಹಾರಕ್ಕೆ ಒಂದು ಸಾವಿರ ಹೋದರೆ ಉಳಿದದ್ದು ಹನ್ನೆರಡು. ಅಷ್ಟರಲ್ಲಿ ಒಂದು ಸ್ಮಾರ್ಟ್‌ಫೋನ್ ಕೊಂಡು, ಸಂಜೆ ನಾಲ್ಕಕ್ಕೆ ಹೆಡ್ ಕ್ಲರ್ಕ್ ಚಿಕ್ಕಬಸವಯ್ಯನವರ ಬೀಳ್ಕೊಡುಗೆಯ ಹೊತ್ತಿಗೆ ತರಬೇಕು. ಆ ಕೆಲಸ ಗೋವಿಂದರಾಜುವಿನ ತಲೆಗೆ ಬಂದಿತ್ತು.

ನೀರು ಸರಬರಾಜಿನ ಆ ಸಣ್ಣ ಕಚೇರಿಯಲ್ಲಿ ಯಾರು ನಿವೃತ್ತರಾದರೂ ಉಡುಗೊರೆ ತರುವವನು ಗೋವಿಂದರಾಜುವೇ. ಈವರೆಗೆ ಹತ್ತು ಬೀಳ್ಕೊಡುಗೆ, ಹತ್ತಕ್ಕೂ ಕೊಂಕು. ಅವನು ತಂದ ಗೋಡೆ ಗಡಿಯಾರ ಭಾಷಣದ ನಡುವೆಯೇ ನಿಂತುಹೋಗಿತ್ತು. ಸೂಟ್‌ಕೇಸು ಫೋಟೋ ತೆಗೆಯುವ ಮೊದಲೇ ಜಿಪ್ಪು ಕಿತ್ತು ಬಾಯಿ ಬಿಟ್ಟಿತ್ತು. ಈ ಸಲವಾದರೂ ಒಬ್ಬರೂ ಹೆಸರಿಡಬಾರದು ಎಂಬುದೊಂದೇ ಅವನ ಆಸೆ.

ಚಿಕ್ಕಬಸವಯ್ಯನವರಿಗೆ ಫೋನೇ ಸರಿ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ‘ನೀರು ಬಾರದಿದ್ದರೆ ಕರೆ ಮಾಡಿ’ ಎಂದು ಬಡಾವಣೆಯ ಟ್ಯಾಂಕುಗಳ ಮೇಲೆಲ್ಲ ಬರೆಸಿದ್ದು ಅವರ ಕೈಯಲ್ಲಿದ್ದ ನಂಬರನ್ನೇ. ಬೆಳಗಿನಿಂದ ಒಂದೇ ಸಮನೆ ಹೊಡೆದುಕೊಳ್ಳುವ ಆ ಫೋನು ಮಧ್ಯಾಹ್ನ ಮೂರಕ್ಕೆ ಬ್ಯಾಟರಿ ಸತ್ತು ಮಲಗುತ್ತಿತ್ತು. ‘ಪಾಪ, ಎಂಟು ವರ್ಷದಿಂದ ಅದೇ ಡಬ್ಬಾ ಫೋನು’ ಎಂದು ಗೋವಿಂದರಾಜು ಮರುಗುತ್ತಿದ್ದ.

ಹತ್ತು ಗಂಟೆಗೆ ದೇವರಾಜ ಅರಸ್ ರಸ್ತೆಯ ಅಂಗಡಿ ಹೊಕ್ಕ. ಕೌಂಟರಿನ ಹುಡುಗಿ ಸಿಂಚನ ಮೂರು ಫೋನು ಸಾಲಾಗಿಟ್ಟಳು.

“ಇದು ಕ್ಯಾಮೆರಾ ಚೆನ್ನಾಗಿದೆ ಸಾರ್. ಇದು ಬ್ಯಾಟರಿ ಚೆನ್ನಾಗಿದೆ. ಇದು ನೋಡೋಕೆ ಚೆನ್ನಾಗಿದೆ.”

“ಮೂರೂ ಚೆನ್ನಾಗಿರೋದು ಇಲ್ವೇನಮ್ಮ?”

“ಇದೆ ಸಾರ್. ಮೂವತ್ತೆರಡು ಸಾವಿರ.”

ಗೋವಿಂದರಾಜು ಬಿಸಿ ಬಾಣಲೆ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಒಂದು ತಪ್ಪು ಮಾಡಿದ. ಎಲ್ಲರ ದುಡ್ಡು, ಎಲ್ಲರನ್ನೂ ಕೇಳೋಣವೆಂದು ಕಚೇರಿಗೆ ಫೋನ್ ಮಾಡಿದ.

“ಕ್ಯಾಮೆರಾ ನೋಡ್ರೀ ಮೊದ್ಲು,” ಎಂದ ಲೆಕ್ಕದ ವಿಭಾಗದ ವಾಗೀಶ. “ಮೊಮ್ಮಗು ಫೋಟೋ ತೆಗೀಬೇಡ್ವಾ ಅವ್ರು? ಹೋದ್ಸಲದ ಸೂಟ್‌ಕೇಸ್ ಥರ ಮಾಡ್ಬುಟ್ಟೀರ ಮತ್ತೆ!”

ಟೈಪಿಸ್ಟ್ ಅಂಬುಜಾ ಫೋನು ಕಿತ್ತುಕೊಂಡರು. “ಸೌಂಡು ಜೋರಾಗಿರ್ಲಿ ಕಣ್ರೀ, ಅವ್ರಿಗೆ ಕಿವಿ ಮಂದ. ಮತ್ತೆ ಇವತ್ತು ಶುಕ್ರವಾರ, ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಬಿಲ್ ಹಾಕಿಸ್ಬೇಡಿ.”

ಆಗ ಗಂಟೆ ಹತ್ತೂ ಮೂವತ್ತೆರಡು.

ಅವನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ. ಆ ಒಂದೂವರೆ ಗಂಟೆಯಲ್ಲಿ ಸಿಂಚನ ಹನ್ನೊಂದು ಫೋನು ತೋರಿಸಿದಳು. ಕೊನೆಗೆ ಅವೆಲ್ಲ ಮದುವೆಮನೆಯಲ್ಲಿ ಗಂಡಿನ ಕಡೆಯ ಚಿಕ್ಕಪ್ಪಂದಿರಂತೆ ಒಂದೇ ಥರ ಕಾಣತೊಡಗಿದವು. ಸೌಂಡು ಪರೀಕ್ಷಿಸಲು ಒಂದನ್ನು ಬಾರಿಸಿದಾಗ ಹೊರಗೆ ಸ್ಕೂಟರಿನಲ್ಲಿದ್ದವನು ಬಸ್ಸೇ ಬಂತೆಂದು ಪಕ್ಕಕ್ಕೆ ಸರಿದ. ಬ್ಯಾಟರಿ ಎರಡು ದಿನ ಬರುತ್ತದೆ, ಕ್ಯಾಮೆರಾನೂ ಪರವಾಗಿಲ್ಲ. ಬೆಲೆ ಹದಿಮೂರು ಸಾವಿರದ ಇನ್ನೂರೈವತ್ತು.

“ಇದೇ ಕೊಡಮ್ಮ,” ಎಂದ ಗೋವಿಂದರಾಜು, ಮೇಲಿನ ಸಾವಿರದ ಇನ್ನೂರೈವತ್ತನ್ನು ತನ್ನ ಜೇಬಿನಿಂದಲೇ ಎಣಿಸುತ್ತ. ಮೂರಕ್ಕೆ ಸಾಯದ ಫೋನೊಂದು ಆ ಹಿರಿಯರಿಗೆ ಸಿಗಲಿ.

ಫೋಟೋ ಕಳಿಸಿದ ಕೂಡಲೇ ಅಂಬುಜಾ ಫೋನ್ ಮಾಡಿದರು. “ಅಯ್ಯೋ, ಕಪ್ಪು! ಶುಭಕಾರ್ಯಕ್ಕೆ ಯಾರಾದ್ರೂ ಕಪ್ಪು ಕೊಡ್ತಾರೇನ್ರೀ?”

ಬೇರೆ ಬಣ್ಣ ಬನ್ನಿಮಂಟಪದ ಕಡೆಯ ಗೋಡೌನಿನಲ್ಲಿತ್ತು. ಅದು ಬರುವಷ್ಟರಲ್ಲಿ ಎರಡೂಮುಕ್ಕಾಲು. ಊಟ ಬಿಟ್ಟ ಗೋವಿಂದರಾಜು, ಮಗುವನ್ನು ಅವಚಿಕೊಂಡಂತೆ ಡಬ್ಬಿಯನ್ನು ಎದೆಗವಚಿ ಆಟೋ ಹತ್ತಿದ.

ಸಭೆ ಚೆನ್ನಾಗಿ ನಡೆಯಿತು. ಪೇಟ ತೊಟ್ಟ ಚಿಕ್ಕಬಸವಯ್ಯನವರು ಡಬ್ಬಿ ಬಿಚ್ಚಿದಾಗ ಎಲ್ಲರೂ ಮುಗಿಬಿದ್ದರು. “ಕ್ಯಾಮೆರಾ ಅಂದ್ರೆ ಇದು ಕಣ್ರೀ!” ಎಂದ ವಾಗೀಶ. “ಬಣ್ಣ ನೋಡಿ, ತಿಳಿ ಹಸಿರು, ಎಷ್ಟು ಲಕ್ಷಣವಾಗಿದೆ,” ಎಂದರು ಅಂಬುಜಾ. ಒಬ್ಬರೂ ಹೆಸರಿಡಲಿಲ್ಲ. ಹನ್ನೊಂದನೇ ಬೀಳ್ಕೊಡುಗೆಯಲ್ಲಿ ಗೋವಿಂದರಾಜುವಿನ ಕಣ್ಣು ಒದ್ದೆಯಾಯಿತು.

“ಬ್ಯಾಟರಿ ಎಷ್ಟು ಹೊತ್ತು ಬರುತ್ತಪ್ಪ?” ಎಂದು ಕೇಳಿದರು ಚಿಕ್ಕಬಸವಯ್ಯ.

“ಎರಡು ದಿನ ಸಾರ್! ಸೌಂಡೂ ಜೋರು. ಪಕ್ಕದ ಮನೇಲಿದ್ರೂ ಕೇಳುತ್ತೆ.”

“ಭೇಷ್.” ಅವರು ಹಳೆಯ ಫೋನಿನಿಂದ ಸಿಮ್ ತೆಗೆದು, ಹೊಸದಕ್ಕೆ ಹಾಕಿ, ಎದ್ದು ನಿಂತರು. “ಈ ಸಿಮ್ಮು ಕಚೇರೀದು, ಕೆಲಸದ ಚಾರ್ಜ್ ಜೊತೆಗೆ ಒಪ್ಪಿಸಿ ಹೋಗ್ಬೇಕು. ಇನ್ನು ಉಡುಗೊರೆ ನನ್ನದಾಯ್ತು ತಾನೆ? ನನ್ನ ವಸ್ತು ನಾನು ಯಾರಿಗೆ ಕೊಟ್ರೂ ಆಯ್ತಲ್ಲ. ಮನೆಯೊಳಕ್ಕೆ ಹೊಡ್ಕೊಳ್ಳೋ ಫೋನ್ ತಂದ್ರೆ ನೀವೂ ಬರ್ಬೇಡಿ ಅಂದವ್ಳೆ ನಮ್ಮನೆಯವ್ಳು. ಇಷ್ಟು ಮುತುವರ್ಜಿಯಿಂದ ತಂದವನೇ ಸಿಮ್ಮಿನ ಸಮೇತ ಇಟ್ಕೊಳ್ಲಿ. ಏನಂತೀರಿ ಸಾಹೇಬ್ರೇ?”

ಇಂಜಿನಿಯರ್ ಸಾಹೇಬರು ಚಪ್ಪಾಳೆ ತಟ್ಟಿದರು. ತಮ್ಮ ಮೇಲೆ ಬೀಳಲಿಲ್ಲವಲ್ಲ ಎಂಬ ಸಂತೋಷಕ್ಕೆ ಉಳಿದವರು ಇನ್ನೂ ಜೋರಾಗಿ ತಟ್ಟಿದರು.

“ಸಾರ್, ಆ ಹಳೇ ಫೋನಾದ್ರೂ ಕೊಡಿ ಸಾರ್, ಸಿಮ್ಮು ಅದ್ರಲ್ಲೇ ಹಾಕ್ಕೋತೀನಿ,” ಎಂದು ಗೋವಿಂದರಾಜು ಅಂಗಲಾಚಿದ.

ಚಿಕ್ಕಬಸವಯ್ಯನವರು ಹಳೆಯದನ್ನು ಶಾಲಿನ ತುದಿಯಿಂದ ಒರೆಸಿ ಜೇಬಿಗಿಳಿಸಿದರು. ಕಿವಿಯ ಬಳಿ ಬಗ್ಗಿ ಮೆಲ್ಲಗೆ ಹೇಳಿದರು: “ಇದನ್ನ ಎಂಟು ವರ್ಷ ಯಾಕೆ ಬದಲಾಯಿಸ್ಲಿಲ್ಲ ಗೊತ್ತೇನಪ್ಪ? ಮೂರು ಗಂಟೆಗೆ ಸರಿಯಾಗಿ ಸಾಯ್ತಿತ್ತು. ಅಂಥ ಫೋನು ಹುಡುಕಿದ್ರೂ ಸಿಗಲ್ಲ. ಇದನ್ನ ಸುಮ್ನೆ ಶೋಕೇಸ್‌ನಲ್ಲಿ ಇಡ್ತೀನಿ.”

ಅಷ್ಟರಲ್ಲಿ ತಿಳಿ ಹಸಿರು ಫೋನು ಹೊಡೆದುಕೊಂಡಿತು. ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಗೋವಿಂದರಾಜು ಎತ್ತಿ ಕಿವಿಗಿಟ್ಟ.

“ಹಲೋ, ಚಿಕ್ಕಬಸವಯ್ಯನೋರಾ? ಏನ್ ಸಾರ್ ಇದು, ಎರಡು ದಿನದಿಂದ ತೊಟ್ಟು ನೀರಿಲ್ಲ! ಮೂರು ಗಂಟೆ ಮೇಲೂ ಫೋನ್ ಎತ್ತುತ್ತೀರಾ ಈಗ? ಒಳ್ಳೇದಾಯ್ತು ಬುಡಿ, ಬೀದಿಯೋರಿಗೆಲ್ಲ ಹೇಳ್ತೀನಿ.”

ಗೋವಿಂದರಾಜುವಿಗೆ ಅಂದು ಸಿಕ್ಕಿದ್ದು ಹದಿಮೂರು ಸಾವಿರದ ಇನ್ನೂರೈವತ್ತರ ಒಂದು ಫೋನು. ಹೋದದ್ದು ವಂತಿಗೆಯ ಸಾವಿರ, ಜೇಬಿನ ಸಾವಿರದ ಇನ್ನೂರೈವತ್ತು, ಒಂದು ಹೊತ್ತಿನ ಊಟ, ಮತ್ತು ಅವನ ನಿವೃತ್ತಿಗೆ ಇನ್ನೂ ಉಳಿದಿದ್ದ ಒಂಬತ್ತು ವರ್ಷದ ನೆಮ್ಮದಿ.