ದರ್ಜಿಯ ಗಂಟಲುರಿ

ಊಟ ಮುಗಿದರೆ ಸಾಕು, ದರ್ಜಿ ಮಹಾಶಯರ ಗಂಟಲಿಗೆ ಬೆಂಕಿ ಬೀಳುತ್ತಿತ್ತು. ಹುಳಿನೀರು ಮೇಲೆ ಬಂದು ಎದೆಯಿಂದ ನಾಲಿಗೆಯ ಬುಡದವರೆಗೂ ಉರಿ. ಅವರು ಮೊದಲು ಮಾಡಿದ್ದು ಎಲ್ಲ ಗಂಡಂದಿರೂ ಮಾಡುವ ಕೆಲಸವನ್ನೇ: ಹೆಂಡತಿಯನ್ನು ಬೈದರು.

"ನಿನ್ನ ಕೈಯಲ್ಲಿ ವಿಷ ಇದೆ ಕಣೇ! ನನ್ನನ್ನ ಒಳಗಿಂದಲೇ ಸುಟ್ಟುಬಿಡೋಣ ಅಂತಿದೀಯಾ?"

ಆಕೆ ಅಡುಗೆಗೆ ಮೆಣಸಿನಕಾಯಿ ಹಾಕುವುದನ್ನು ಬಿಟ್ಟಳು. ಆಮೇಲೆ ಹುಳಿ, ಎಣ್ಣೆ, ಈರುಳ್ಳಿ ಒಂದೊಂದಾಗಿ ಹೋದವು. ಕೊನೆಗೆ ಉಳಿದದ್ದು ಬೇಯಿಸಿದ ಸೋರೆಕಾಯಿ, ಗಂಜಿ. ಉರಿ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ತನ್ನ ಕೈಯಲ್ಲೇ ಏನೋ ದೋಷವಿದೆಯೆಂದು ಆಕೆ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. (ಈರುಳ್ಳಿಯ ನೆಪ ಹೇಳೋಣವೆಂದರೆ ಅದನ್ನೂ ಬಿಟ್ಟಾಗಿತ್ತಲ್ಲ!)

ಸೋರೆಕಾಯಿಗೂ ಬಗ್ಗದ ರೋಗವೆಂದರೆ ಅದು ಕೊನೆಯ ರೋಗವೇ ಎಂದು ಮಹಾಶಯರು ತೀರ್ಪಿತ್ತರು. ಮನೆಯ ಮುಂಗೋಣೆಯೇ ಅವರ ಅಂಗಡಿ. ಅಲ್ಲಿ ಕೂತು ಕೊನೆಯ ಪಯಣಕ್ಕೆಂದು ಒಳ್ಳೆಯ ಬಟ್ಟೆಯಲ್ಲಿ ತಾವೇ ಒಂದು ಪ್ಯಾಂಟು ಹೊಲಿದುಕೊಂಡರು. ಬೇರೆಯವರ ಹೊಲಿಗೆ ತೊಟ್ಟು ಹೋಗುವುದುಂಟೇ? ಮಾನದ ಪ್ರಶ್ನೆ.

"ನಾನು ಹೋದ್ಮೇಲೆ ಮಿಷನ್ ಮಾರಬೇಡ ಕಣೇ" ಎಂದರು ಹೆಂಡತಿಗೆ. ಆಕೆ ಬಿಕ್ಕಿಬಿಕ್ಕಿ ಅತ್ತಳು.

ಗಿರಾಕಿಗಳ ಮೇಲೂ ಸಿಡುಕು. ಅಳತೆ ಕೊಡಲು ಬಂದ ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡರೆ, "ಉಸಿರು ಬಿಡಿ ಮೇಷ್ಟ್ರೇ! ಟೇಪಿಗೆ ಸುಳ್ಳು ಹೇಳಿದ್ರೆ ಆಮೇಲೆ ಅನುಭವಿಸೋರು ಯಾರು?" ಎಂದು ಗದರಿದರು.

ಕೊನೆಗೆ ಹೆಂಡತಿಯೇ ಅವರನ್ನು ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು. ಮಹಾಶಯರು ಹೊಸ ಪ್ಯಾಂಟಿನಲ್ಲೇ ಹೊರಟರು. (ಅಲ್ಲಿಂದ ನೇರವಾಗಿ ಹೋಗಬೇಕಾಗಿ ಬಂದರೆ?)

"ಇನ್ನೆಷ್ಟು ದಿನ, ಮುಚ್ಚುಮರೆ ಇಲ್ದೆ ಹೇಳಿಬಿಡಿ" ಎನ್ನುತ್ತ ಮಂಚದ ಮೇಲೆ ಮಲಗಿದರು. ಮಲಗಿದ್ದೇ ತಡ, ಸೊಂಟದ ಗುಂಡಿ ಟಪ್ಪೆಂದು ಹಾರಿ ಔಷಧಿಯ ಬೀರುವಿಗೆ ಬಡಿಯಿತು. ಹೊಟ್ಟೆಯ ಸುತ್ತ ಕೆಂಪು ಬರೆ.

"ಊಟ ಆದ್ಮೇಲೆ ಏನ್ಮಾಡ್ತೀರಿ?" ಎಂದರು ಡಾಕ್ಟರಮ್ಮ.

"ಮಿಷನ್ ಮೇಲೆ ಬಗ್ಗಿ ಕೂರ್ತೀನಿ. ಇಲ್ಲಾಂದ್ರೆ ಕಟಿಂಗ್ ಮೇಜಿನ ಮೇಲೆ ಸ್ವಲ್ಪ ಅಡ್ಡಾಗ್ತೀನಿ."

"ಹೊಟ್ಟೇನ ಇಷ್ಟು ಬಿಗಿದುಕೊಂಡು ಬಗ್ಗಿದ್ರೆ ಒಳಗಿನ ಆಮ್ಲ ಗಂಟಲಿಗೆ ಬರದೆ ಇರುತ್ತಾ? ಪ್ಯಾಂಟು ಸಡಿಲ ಮಾಡಿ. ಹಿತಮಿತವಾಗಿ ಉಣ್ಣಿ, ಉಂಡ ಕೂಡಲೇ ಮಲಗಬೇಡಿ. ಮಾತ್ರೆ ಬರೆದುಕೊಡ್ತೀನಿ. ಅಲ್ಲ, ಈ ಪ್ಯಾಂಟಿನ ಅಳತೆ ಯಾವ ಕಾಲದ್ದು?"

"ಮದುವೇದು," ಎಂದಳು ಹೆಂಡತಿ. "ಆಮೇಲೆ ಅಳತೆ ತೆಗೆದೇ ಇಲ್ಲ, ಎಲ್ಲ ಪ್ಯಾಂಟೂ ಅದ್ರಲ್ಲೇ. ತಮ್ಮ ಸೊಂಟ ಬೆಳೆದಿಲ್ಲ ಅಂತಾರೆ."

ಮನೆಗೆ ಬಂದರೆ ಮೇಷ್ಟ್ರು ತಮ್ಮ ಬಟ್ಟೆಗಾಗಿ ಕಾದು ಕೂತಿದ್ದರು. ಸಾವು ತಪ್ಪಿದ ಖುಷಿಯಲ್ಲಿ ಮಹಾಶಯರು, "ಇವತ್ತಾದ್ರೂ ಖಾರಖಾರವಾಗಿ ಏನಾದ್ರೂ ಮಾಡೇ" ಎಂದರು.

ಆಕೆ ಅವರ ಕೊರಳಿನ ಟೇಪು ಎಳೆದುಕೊಂಡಳು. "ಇದು ನಿಮ್ಮ ಕತ್ತಿನಲ್ಲೇ ನೇತಾಡ್ತಿತ್ತಲ್ರೀ. ನನ್ನ ಕೈಯಲ್ಲಿ ವಿಷ ಇದೆ ಅನ್ನೋ ಮುಂಚೆ ಒಂದ್ಸಲ ಸುತ್ಕೊಂಡು ನೋಡಬಾರದಿತ್ತಾ?"

ಆಕೆ ಟೇಪು ಸುತ್ತುತ್ತಿದ್ದಂತೆ ಮಹಾಶಯರು ಮೆಲ್ಲಗೆ ಹೊಟ್ಟೆ ಒಳಗೆಳೆದುಕೊಂಡರು.

"ಉಸಿರು ಬಿಡಿ ಟೈಲರೇ," ಎಂದರು ಮೇಷ್ಟ್ರು.

ಬಿಟ್ಟರು. ಬಂದ ಅಂಕಿಯನ್ನು ಹೆಂಡತಿ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದಳು. ಆಮೇಲೆ ಒಳಗೆ ಹೋಗಿ ಸೋರೆಕಾಯಿ ಹೆಚ್ಚತೊಡಗಿದಳು.